‘ಸರಿ’ ಅನ್ನಬಾರದ ಪೀರಿಯಡ್ಡು

ಕೊನೇ ಪೀರಿಯಡ್ಡಿನ ಹೊತ್ತಿಗೆ ಟೀಚರಿಗೆ ಗಂಟಲು ಕಟ್ಟಿತ್ತು, ಕಾಲು ಪದ ಹೇಳುತ್ತಿತ್ತು. ಮೇಜಿನ ಕೆಳಗೆ ಮೆಲ್ಲಗೆ ಒಂದು ಚಪ್ಪಲಿ ಬಿಟ್ಟರು. ಇನ್ನೊಂದನ್ನೂ ಬಿಡುವಷ್ಟು ಧೈರ್ಯ ಬರಲಿಲ್ಲ, ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರು ಕೂತಿದ್ದರಲ್ಲ.

ಬೆಳಿಗ್ಗೆಯೇ ಅವರು ಖಡಾಖಂಡಿತವಾಗಿ ಹೇಳಿದ್ದರು: "ಇವತ್ತು ನಾನೇ ನೋಡ್ತೀನಿ ಟೀಚರ್. ಬರೀ ಹರಟೆ ಅಂತ ಕಂಡ್ರೆ ಸೋಮವಾರದಿಂದ ಈ ಪೀರಿಯಡ್ಡು ಗಣಿತಕ್ಕೆ."

ಹರಟೆ ಅಂದರೆ ಚಿತ್ರದ ಪೀರಿಯಡ್ಡು. ಗೋಡೆಗೆ ಒಂದು ಚಿತ್ರ ತೂಗುಹಾಕುವುದು, ಮಕ್ಕಳು ನೋಡಿ ಮಾತಾಡುವುದು. ಟೀಚರ್ ಕೇಳುವುದು ಎರಡೇ ಪ್ರಶ್ನೆ: ಇಲ್ಲಿ ಏನು ನಡೀತಿದೆ? ಏನು ನೋಡಿ ಹಾಗಂದೆ? ‘ಸರಿ’ ಅನ್ನುವಂತಿಲ್ಲ, ‘ತಪ್ಪು’ ಅನ್ನುವಂತಿಲ್ಲ. ಅಂದುಬಿಟ್ಟರೆ ಮಕ್ಕಳು ಚಿತ್ರ ಬಿಟ್ಟು ಟೀಚರ ಮುಖ ನೋಡತೊಡಗುತ್ತವೆ. ವರ್ಷವೆಲ್ಲ ತುಟಿ ಪಿಟಕ್ಕೆನ್ನದ ಮಕ್ಕಳೂ ಬಾಯಿ ಬಿಡುತ್ತಿದ್ದುದು ಇಲ್ಲಿ ಮಾತ್ರ. ಇದೂ ಹೋದರೆ ಅವು ಮತ್ತೆ ಗೋಡೆಗೊರಗಿ ಕೂರುತ್ತವೆ.

ಇವತ್ತಿನ ಚಿತ್ರದಲ್ಲಿ ಕಿಟಕಿ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು.

"ಅವಳಿಗೆ ಸುಸ್ತಾಗಿದೆ," ಎಂದ ಗುಂಡ.

"ಏನು ನೋಡಿ ಹಾಗಂದೆ?"

"ಒಂದೇ ಚಪ್ಪಲಿ ಬಿಚ್ಚಿದಾಳೆ. ನಮ್ಮಮ್ಮ ಕೆಲಸದಿಂದ ಬಂದ್ರೆ ಹಂಗೇ. ಇನ್ನೊಂದು ಬಿಚ್ಚೋಕೂ ಆಗಲ್ಲ ಅವಳಿಗೆ."

"ಸರಿ," ಎಂದುಬಿಟ್ಟರು ಟೀಚರ್.

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಎತ್ತಿದ್ದ ಕೈಗಳೆಲ್ಲ ಇಳಿದವು. ಉತ್ತರ ಸಿಕ್ಕಿತಲ್ಲ, ಇನ್ನೇನು? ಹೆಡ್‌ಮಾಸ್ಟರು ವಾಚು ನೋಡಿಕೊಂಡರು. ಮುಗೀತು ಕಥೆ ಅಂದುಕೊಂಡರು ಟೀಚರ್. ಬೇಸರ ಪಡುವುದಕ್ಕೂ ತ್ರಾಣವಿರಲಿಲ್ಲ.

ಆಗ ಮುಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಎಲ್ಲದಕ್ಕೂ ವಾದ ಹೂಡುವ ಹುಡುಗಿ, ಎಲ್ಲರ ಬಾಯಲ್ಲಿ ಲಾಯರಮ್ಮ.

"ಟೀಚರ್, ಏನು ನೋಡಿ ‘ಸರಿ’ ಅಂದ್ರಿ?"

ಟೀಚರ್ ತಡವರಿಸಿದರು. "ನನಗೂ... ಒಂದೊಂದು ದಿನ ಹಾಗೇ ಆಗುತ್ತಮ್ಮ."

"ಅದು ನಿಮ್ಮ ಕಾಲು ಟೀಚರ್. ಚಿತ್ರದಲ್ಲಿ ಏನು ನೋಡಿದ್ರಿ?"

ತರಗತಿ ಗೊಳ್ಳೆಂದಿತು. ಟೀಚರ್ ತಿರುಗಿ, ಚಿತ್ರವನ್ನು ಈಗಷ್ಟೇ ಕಂಡವರಂತೆ ದಿಟ್ಟಿಸಿದರು. "ಬ್ಯಾಗು ಹೆಗಲಲ್ಲೇ ಇದೆ. ಇಳಿಸೋಕೂ ಆಗಿಲ್ಲ ಅವಳಿಗೆ."

"ಹೊರಟವರ ಹೆಗಲಲ್ಲೂ ಬ್ಯಾಗು ಇರುತ್ತಲ್ಲ!" ಹಿಂದಿನ ಬೆಂಚಿನಿಂದ ದನಿ ಬಂತು. "ಚಪ್ಪಲಿ ಬಿಚ್ತಿಲ್ಲ ಅವಳು, ಹಾಕ್ಕೊಳ್ತಿದಾಳೆ."

ಎಲ್ಲರೂ ಗಕ್ಕನೆ ತಿರುಗಿದರು.

"ಏನು ನೋಡಿ ಹಾಗಂದ್ರಿ ಸರ್?" ಲಾಯರಮ್ಮ ಬಿಡಲಿಲ್ಲ.

ಹೆಡ್‌ಮಾಸ್ಟರು ಕನ್ನಡಕ ಏರಿಸಿ, ಬೆಂಚುಗಳ ನಡುವೆ ನುಸುಳಿ ಬಂದು ಚಿತ್ರದ ಮುಂದೆ ನಿಂತರು. ಮತ್ತೆ ಕೈಗಳೆದ್ದವು. "ಬಾಗಿಲು ನೋಡಿ ಸರ್!" "ಮುಖ ಯಾವ ಕಡೆಗಿದೆ ನೋಡಿ ಸರ್!" ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.

"ಮುಂದಿನ ವಾರಾನೂ ಇದೇ ಚಿತ್ರ ಇರಲಿ ಟೀಚರ್," ಎಂದರು ಹೆಡ್‌ಮಾಸ್ಟರು, ತಿರುಗದೆ. "ನನಗಿನ್ನೂ ಬಗೆಹರೀಲಿಲ್ಲ."

ಸರಿ ಸರ್ ಎನ್ನಲು ಬಾಯಿ ತೆರೆದ ಟೀಚರ್ ಅಲ್ಲಿಗೇ ತಡೆದು, ಬರೀ ತಲೆಯಾಡಿಸಿದರು. ಆಮೇಲೆ ಮೇಜಿನ ಕೆಳಗೆ ಬರಿಗಾಲು ಚಾಚಿ ಚಪ್ಪಲಿಗಾಗಿ ತಡಕಿದರು.