ದೊಡ್ಡ ಡಾಕ್ಟರ ಚೀಟಿ

ಆ ಆಸ್ಪತ್ರೆಗೆ ಡಾಕ್ಟರು ಇಬ್ಬರು. ಅಪ್ಪ ದೊಡ್ಡ ಡಾಕ್ಟರು, ಮಗ ಸಣ್ಣ ಡಾಕ್ಟರು. ಇಬ್ಬರ ಕೋಣೆಗಳ ನಡುವೆ ಉದ್ದನೆಯ ಪಡಸಾಲೆ. ಇಬ್ಬರ ನಡುವೆ ಮಾತಿಲ್ಲ. ಒಮ್ಮೆ ದೊಡ್ಡವರು ಬರೆದ ಔಷಧಿಯ ಅಳತೆಯಲ್ಲಿ ಒಂದು ಸೊನ್ನೆ ಹೆಚ್ಚಾಗಿತ್ತು. ಮಗ ಅದನ್ನು ರೋಗಿಯ ಎದುರಿಗೇ ಎತ್ತಿ ಆಡಿದರು. “ನಾನು ಚೀಟಿ ಬರೆಯೋಕೆ ಶುರು ಮಾಡಿದಾಗ ನೀನು ತೊಟ್ಟಿಲಲ್ಲಿ ಹೆಬ್ಬೆಟ್ಟು ಚೀಪ್ತಿದ್ದೆ” ಎಂದು ಹೇಳಿ ಮುಚ್ಚಿದ ಬಾಯನ್ನು ಅಪ್ಪ ಮಗನ ಪಾಲಿಗೆ ಮತ್ತೆ ತೆರೆಯಲಿಲ್ಲ.

ಇಂಥ ಜಾಗದಲ್ಲಿ ಪ್ರಿಂಟರ್ ಕೈಕೊಟ್ಟರೆ ಗ್ರಹಚಾರ ಯಾರದು? ಕಂಪ್ಯೂಟರ್ ರಿಪೇರಿಗೆ ಬರುವವನದು. ಆಸ್ಪತ್ರೆಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಪ್ರಿಂಟರಪ್ಪ ಎಂದು.

ಕೋಣೆಗಳಲ್ಲಿದ್ದ ಕಂಪ್ಯೂಟರುಗಳು ಹೆಸರಿಗಷ್ಟೆ. ನಿಜವಾದ ಕೆಲಸವೆಲ್ಲ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಗುಂಯ್‌ಗುಡುತ್ತಿದ್ದ ಒಂದೇ ಸರ್ವರಿನಲ್ಲಿ. ಅಡುಗೆಮನೆ ಒಂದು, ಉಣ್ಣುವ ಕೋಣೆಗಳು ಹಲವು ಅನ್ನುವ ಹಾಗೆ. ಯಾರ ತಟ್ಟೆ ಯಾವ ಕೋಣೆಗೆ ಹೋಗಬೇಕೆಂಬುದನ್ನು ಸರ್ವರು ನೆನಪಿಟ್ಟುಕೊಳ್ಳಬೇಕು. ಎಲ್ಲರದೂ ಸರಿಯಾಗಿ ಹೋಗುತ್ತಿತ್ತು. ದೊಡ್ಡ ಡಾಕ್ಟರ ಚೀಟಿ ಮಾತ್ರ ಸಣ್ಣ ಡಾಕ್ಟರ ಕೋಣೆಯ ಪ್ರಿಂಟರಿನಲ್ಲಿ ಹೊರಬೀಳುತ್ತಿತ್ತು.

“ರೋಗಿ ಇಲ್ಲಿ, ಚೀಟಿ ಅಲ್ಲಿ! ಈ ವಯಸ್ಸಲ್ಲಿ ನನ್ನ ಓಟದ ಪಂದ್ಯಕ್ಕೆ ಬಿಟ್ಟಿದ್ದೀಯಲ್ಲೋ ಪ್ರಿಂಟರಪ್ಪಾ” ಎಂದು ಹಳೆಯ ನರ್ಸು ಸಿಸ್ಟರಮ್ಮ ಏದುಸಿರು ಬಿಡುತ್ತ ಹೋದಳು.

ದೊಡ್ಡ ಡಾಕ್ಟರು ಪಡಸಾಲೆಗೆಲ್ಲ ಕೇಳುವಂತೆ ಗುಡುಗಿದರು. “ಏನ್ರೀ, ನಾನು ಇಲ್ಲಿ ಒತ್ತಿದ್ರೆ ಕಾಗದ ಆ ಮಹಾನುಭಾವರ ಕೋಣೇಲಿ ಬೀಳುತ್ತೆ! ನಾಳೆಯೊಳಗೆ ಸರಿಹೋಗದಿದ್ರೆ ಬೇರೆಯವರನ್ನ ಕರೆಸ್ತೀನಿ.”

ಪ್ರಿಂಟರಪ್ಪನ ಮನೆಯ ಒಲೆ ಉರಿಯುತ್ತಿದ್ದದ್ದೇ ಈ ಆಸ್ಪತ್ರೆಯ ಕಾಂಟ್ರಾಕ್ಟಿನಿಂದ. ಪ್ರಿಂಟರಿನ ಡ್ರೈವರ್ ಸಾಫ್ಟ್‌ವೇರನ್ನು ಕಿತ್ತು ಮತ್ತೆ ಹಾಕಿದ. ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದಿದ್ದ, ಇದ್ದೂ ಇಲ್ಲದ ದೆವ್ವದಂಥ ಪ್ರಿಂಟರುಗಳನ್ನು ಒಂದೊಂದಾಗಿ ಓಡಿಸಿದ. ಕಣ್ಣುಮುಚ್ಚಿ ಮೇಲಿನವನನ್ನು ನೆನೆದು ಸರ್ವರನ್ನು ಆರಿಸಿ ಹೊತ್ತಿಸಿದ. ಸಂಜೆಗೆ ಚೀಟಿ ಸರಿಯಾದ ಕೋಣೆಗೆ ಬಂತು. ಬೆಳಗಾದರೆ ಮತ್ತೆ ಅದೇ ರಾಗ!

ಹಾಗಾಗಿ ಮರುದಿನ ಅವನು ಆಸ್ಪತ್ರೆ ತೆರೆಯುವ ಹೊತ್ತಿಗೇ ಬಂದು ಗೂಡಿನಲ್ಲಿ ಕೂತ. ಸರ್ವರಿನ ಮುಂದೆ ಕೂತರೆ ಯಾರ ಪರದೆಯನ್ನಾದರೂ ಇಣುಕಬಹುದು. ದೊಡ್ಡ ಡಾಕ್ಟರ ಪರದೆ ತೆರೆಯಿತು. ಮೌಸಿನ ಬಾಣದ ಗುರುತು ಒದ್ದೆ ಗೋಡೆ ಹತ್ತುವ ಇರುವೆಯಂತೆ ತಡವರಿಸುತ್ತ ಪ್ರಿಂಟರುಗಳ ಪಟ್ಟಿಗೆ ಹೋಯಿತು. ‘ದೊಡ್ಡ ಡಾಕ್ಟರ ಕೋಣೆ’ಯನ್ನು ದಾಟಿತು. ‘ಸಣ್ಣ ಡಾಕ್ಟರ ಕೋಣೆ’ಯ ಮೇಲೆ ನಿಂತು, ನಡುಗಿ, ಒತ್ತಿತು.

ಪ್ರಿಂಟರಪ್ಪ ಕೂತಲ್ಲೇ ಕೈಮುಗಿದ. ಕೇಳಿದ್ದನ್ನು ಕೇಳಿದ ಹಾಗೆ ಕೊಡುವುದು ಸರ್ವರಿನ ಧರ್ಮ. ಪಾಪ, ಅದನ್ನು ಎಷ್ಟು ಬೈದಿದ್ದ!

ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ. “ಸಾರ್, ನೀವೇ…”

“ಮೆಲ್ಲಗೆ ಮಾತಾಡ್ರೀ.” ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ಕಣ್ಣಿಗೆ ಸೊನ್ನೆ ಒಂದೋ ಎರಡೋ ತಿಳಿಯಲ್ಲ ಈಗ. ಅವನ ಕೋಣೇಲಿ ಕಾಗದ ಬಿದ್ರೆ ಓದದೆ ಬಿಡಲ್ಲ. ಚಿಕ್ಕಂದಿನಿಂದ ಅದೇ ಚಾಳಿ, ಪಕ್ಕದಲ್ಲಿ ಕೂತೋರ ಪೇಪರನ್ನೂ ಬಗ್ಗಿ ಬಗ್ಗಿ ಓದ್ತಿದ್ದ.”

“ಒಂದ್ಸಲ ನೋಡಪ್ಪಾ ಅಂತ ನೀವೇ ಕೇಳಬಹುದಲ್ಲ ಸಾರ್?”

“ಕೇಳೋದಾ! ನಾನಾ!”

“ಮತ್ತೆ ನನ್ನ ಮೇಲೆ ಕೂಗಾಡಿದ್ದು?”

“ಕೂಗಾಡದಿದ್ರೆ ನಾನೇ ಮಾಡಿದ್ದು ಅಂತ ಗೊತ್ತಾಗಲ್ವೇನ್ರೀ? ಇನ್ನು ಮುಂದೆಯೂ ಬೈತೀನಿ, ಬೇಜಾರು ಮಾಡ್ಕೋಬೇಡಿ.”

ದಿನವೂ ನಡುಗುವ ಕೈಯಲ್ಲಿ ಒತ್ತುವ ಕಷ್ಟ ಬೇಡವೆಂದು ಪ್ರಿಂಟರಪ್ಪ ಆ ತಪ್ಪನ್ನು ಸರ್ವರಿನಲ್ಲೇ ಕಾಯಂ ಮಾಡಿದ. ಆಮೇಲೆ ಸಣ್ಣ ಡಾಕ್ಟರ ಕೋಣೆಗೆ ಹೋಗಿ ತಲೆ ಕೆರೆದುಕೊಂಡ. “ಸಾರ್, ಇದು ವಾಸಿಯಾಗೋ ಕಾಯಿಲೆ ಅಲ್ಲ. ಸರ್ವರಿನ ಹುಟ್ಟುಗುಣ.”

“ಹಾಗಾದ್ರೆ ಬಿಡಿ” ಎಂದರು ಸಣ್ಣ ಡಾಕ್ಟರು. ಅಷ್ಟು ಬೇಗ ಅಂದದ್ದು ತಮಗೇ ಮುಜುಗರವಾಗಿ, ಕೆಂಪು ಪೆನ್ನಿನಿಂದ ತಿದ್ದಿದ್ದ ಚೀಟಿಯೊಂದನ್ನು ಮೊಣಕೈ ಕೆಳಗೆ ಸರಿಸಿಕೊಂಡರು. “ಅಲ್ಲ, ಸಿಸ್ಟರಮ್ಮನಿಗೂ ನಡಿಗೆ ಒಳ್ಳೇದು, ಸಕ್ಕರೆ ಕಾಯಿಲೆ ಬೇರೆ. ಆಮೇಲೆ ನೋಡಿ, ಬೇರೆ ಯಾರಾದ್ರೂ ಬಂದು ಸರಿಮಾಡ್ತೀನಿ ಅಂದ್ರೆ ಮುಟ್ಟೋಕೆ ಬಿಡಬೇಡಿ. ಕಾಂಟ್ರಾಕ್ಟು ನಿಮ್ಮದೇ. ಅಪ್ಪನಿಗೆ ಇದೆಲ್ಲ ಗೊತ್ತಾಗೋದು ಬೇಡ.”

ಕೆಟ್ಟದ್ದನ್ನು ಕೆಟ್ಟೇ ಇರುವಂತೆ ನೋಡಿಕೊಂಡು ಸಂಬಳ ಎಣಿಸುವವರು ಲೋಕದಲ್ಲಿ ಬೇಕಾದಷ್ಟು ಜನ. ಅದನ್ನು ದೇವರ ಕೆಲಸವೆಂದು ನಿಷ್ಠೆಯಿಂದ ಮಾಡಿದವನು ಪ್ರಿಂಟರಪ್ಪ ಒಬ್ಬನೇ ಇರಬೇಕು. ದೊಡ್ಡ ಡಾಕ್ಟರು ಕರಾರಿನಂತೆ ಬೈಯುತ್ತಿದ್ದರು, ಅವನು ಕರಾರಿನಂತೆ ತಲೆ ತಗ್ಗಿಸುತ್ತಿದ್ದ. ಅವರ ಕೋಣೆಯ ಪ್ರಿಂಟರಿಗೆ ಯಾರೋ ಬಟ್ಟೆ ಹೊದಿಸಿ ಅದರ ಮೇಲೊಂದು ಹೂಕುಂಡ ಇಟ್ಟರು.

ಒಂದು ಬೆಳಿಗ್ಗೆ ಸಿಸ್ಟರಮ್ಮನ ಫೋನು. “ಲೋ ಪ್ರಿಂಟರಪ್ಪಾ, ಬೇಗ ಬಾರೋ, ಮುಳುಗಿಹೋಯ್ತು! ಪ್ರಿಂಟರ್ ಸರಿಹೋಗ್ಬಿಟ್ಟಿದೆ!”

ಅವಳಿಗೂ ಎಲ್ಲ ಗೊತ್ತಿತ್ತೆಂದು ಅವನಿಗೆ ಹೊಳೆದದ್ದು ಆಗಲೇ. ಸರ್ವರು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ, ಅವನು ಮಾಡಿಟ್ಟ ತಪ್ಪನ್ನೆಲ್ಲ ಒರೆಸಿಹಾಕಿತ್ತು. ಈಗ ಚೀಟಿ ನೇರ ರೋಗಿಯ ಕೈಗೆ. ಒಂದು ಸೊನ್ನೆ ಜಾಸ್ತಿ ಬಿದ್ದಿದ್ದರೆ? ದಾರಿಯುದ್ದಕ್ಕೂ ದೇವರನ್ನು ಬೇಡಿಕೊಳ್ಳುತ್ತ ಬಂದವನು ತಲೆಯ ಹೆಲ್ಮೆಟ್ಟನ್ನೂ ತೆಗೆಯದೆ ಪಡಸಾಲೆಗೆ ನುಗ್ಗಿದ.

ದೊಡ್ಡ ಡಾಕ್ಟರ ಕೋಣೆಯಲ್ಲಿ ಹೂಕುಂಡ ನೆಲಕ್ಕುರುಳಿತ್ತು. ರೋಗಿಯೊಬ್ಬ ಬರಿಗೈಯಲ್ಲಿ ಕೂತಿದ್ದ. ಡಾಕ್ಟರ ಕುರ್ಚಿ ಖಾಲಿ.

ಅವರು ಪಡಸಾಲೆಯ ಆ ತುದಿಯಲ್ಲಿ, ಮಗನ ಬಾಗಿಲಲ್ಲಿ, ಚೀಟಿ ಹಿಡಿದು ನಿಂತಿದ್ದರು. ನಿಂತೇ ಇದ್ದರು. ಕೊನೆಗೆ ಒಳಗೆ ಹೋಗಿ ಅದನ್ನು ಮೇಜಿನ ಮೇಲಿಟ್ಟರು.

“ಪ್ರಿಂಟರ್ ಕೆಟ್ಟಿದೆ” ಎಂದರು. “ನಿನಗೆ ಬರಬೇಕಾದ್ದು ನನ್ನ ಕೋಣೆಗೆ ಬಂತು.”

ಮಗ ಎದ್ದು ನಿಂತರು. ಚೀಟಿ ಓದಿದರು. ಕೆಂಪು ಪೆನ್ನು ಎತ್ತಿಕೊಂಡು, ಯಾಕೋ ಕೆಳಗಿಟ್ಟು, ನೀಲಿ ಪೆನ್ನು ತೆಗೆದುಕೊಂಡರು. “ಹೌದಪ್ಪಾ, ಕೆಟ್ಟಿದೆ. ನೋಡಿ, ಒಂದು ಸೊನ್ನೇನೂ ಜಾಸ್ತಿ ಹೊಡೆದಿದೆ.”

“ನಾನೂ ಅದನ್ನೇ ಅಂದ್ಕೊಂಡೆ.”

ಇಬ್ಬರೂ ಬಾಗಿಲ ಕಡೆ ತಿರುಗಿದರು.

“ಏನ್ರೀ ಪ್ರಿಂಟರಪ್ಪಾ, ಏನು ಯಂತ್ರಾರೀ ಇದು?” ದೊಡ್ಡ ಡಾಕ್ಟರು ಗುಡುಗಿದರು.

ಪ್ರಿಂಟರಪ್ಪ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿಟ್ಟುಕೊಂಡ. “ತಪ್ಪಾಯ್ತು ಸಾರ್. ಹಳೇ ಪ್ರಿಂಟರು. ಬಂದ ಚೀಟೀನ ಇಬ್ಬರೂ ಒಂದ್ಸಲ ಕೂತು ನೋಡ್ಕೊಂಡುಬಿಟ್ರೆ ಒಳ್ಳೇದು.”