ಬಸ್ಸಿನ ಹಿಂಬದಿಯ ನಗು

ಗುಬ್ಬಿಯ ಅಪ್ಪ ಸಿಟಿ ಬಸ್ಸಿನ ಡ್ರೈವರ್, ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಮ್ಮನ ಅಂಗಡಿ. ಬಟ್ಟೆ ಹೊಲಿಸಲು ಬಂದವರ ಸೊಂಟಕ್ಕೆ ಅಮ್ಮನಿಗಿಂತ ಮೊದಲು ಗುಬ್ಬಿಯೇ ಟೇಪು ಸುತ್ತುತ್ತಿದ್ದಳು. ಸ್ವಲ್ಪ ದಪ್ಪಗಿದ್ದವರು ಬಂದರೆ, "ಅಮ್ಮಾ, ಟೇಪು ಮುಗಿದೋಯ್ತು, ಆಂಟಿ ಇನ್ನೂ ಮುಗಿದಿಲ್ಲ!" ಎಂದು ಕೂಗುತ್ತಿದ್ದಳು. ಬೈಯಬೇಕಾದವರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹಲ್ಲು ಬೀಳುವ ವಯಸ್ಸಿನಲ್ಲಿ ಅವಳಿಗೆ ರಕ್ತದ ಕಾಯಿಲೆ ಬಂತು. ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಒಂದೇ ಹಾಸಿಗೆಯಲ್ಲಿ ಇಬ್ಬಿಬ್ಬರು ಮಕ್ಕಳು. ತಾಯಂದಿರಿಗೆ ಮಂಚದ ಕೆಳಗಿನ ನೆಲವೇ ಗತಿ. ಅದನ್ನು ದಿನಾ ನೋಡುತ್ತಿದ್ದ ಎದುರುಗಡೆಯ ಔಷಧಿ ಅಂಗಡಿಯವರು ಹೊಸ ವಾರ್ಡು ಕಟ್ಟಿಸಬೇಕೆಂದು ಪಣ ತೊಟ್ಟರು. ಹನಿ ಹನಿ ಗೂಡಿದರೆ ಹಳ್ಳ ಅಂತ ಹತ್ತು ಜನರನ್ನು ಸೇರಿಸಿಕೊಂಡು ಚಂದಾ ಎತ್ತಲು ಹೊರಟರು. ಜನರ ಮನಸ್ಸು ಕರಗಬೇಕಾದರೆ ಒಂದು ಮಗುವಿನ ಮುಖ ಬೇಕು ಎಂದಾಗ ಗುಬ್ಬಿ ತಾನೇ ಕೈಯೆತ್ತಿದಳು. ಅಮ್ಮ ಹೊಲಿದ ಹಳದಿ ಫ್ರಾಕು ಹಾಕಿಕೊಂಡು, ಮುಂದಿನ ಹಲ್ಲಿಲ್ಲದ ಬಾಯಿಬಿಟ್ಟು ಕ್ಯಾಮೆರಾ ಮುಂದೆ ನಕ್ಕಳು. ಆ ನಗು ಅಂಗಡಿ ಅಂಗಡಿಯ ಕಾಣಿಕೆ ಡಬ್ಬಿಗಳ ಮೇಲೆ ಕೂತಿತು. ಬಸ್ಸುಗಳ ಹಿಂದೆಯೂ ಬಂತು. ಅಪ್ಪನ ಬಸ್ಸಿಗೆ ಡಿಪೋದವರು ಎಲ್ಲಕ್ಕಿಂತ ದೊಡ್ಡ ಚಿತ್ರವನ್ನೇ ಅಂಟಿಸಿದರು.

ಹೊಸ ವಾರ್ಡಿನ ಗೋಡೆಗಳು ಎದ್ದವು. ಸೂರು ಹಾಕುವ ಮೊದಲೇ ಗುಬ್ಬಿ ಹೋಗಿಬಿಟ್ಟಳು.

ಅಮ್ಮ ಬಹಳ ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಕೊನೆಗೆ ಒಪ್ಪಿಕೊಂಡ ಬಟ್ಟೆ ಮುಗಿಸಲೇಬೇಕೆಂದು ಒಂದು ದಿನ ದಾರ ತರಲು ಹೋದಳು. ಅಂಗಡಿಯ ಗಲ್ಲಾದ ಪಕ್ಕದಲ್ಲಿ ಅದೇ ಡಬ್ಬಿ, ಅದೇ ನಗು. ಮುಂದೆ ನಿಂತಿದ್ದ ಹೆಂಗಸೊಬ್ಬಳು ತನ್ನ ಮಗುವಿನ ಕೈಗೆ ನಾಣ್ಯ ಕೊಟ್ಟು, "ಪಾಪ, ಈ ಅಕ್ಕಂಗೆ ಹುಷಾರಿಲ್ಲ ಕಣೋ. ಬೇಗ ವಾಸಿಯಾಗ್ಲಿ ಅಂತ ಹಾಕು" ಎಂದಳು.

ಮಗು ಹಾಕಿತು. "ಈಗ ವಾಸಿಯಾಯ್ತಾ?" ಎಂದು ಕೇಳಿತು.

ಅಮ್ಮ ದಾರ ತೆಗೆದುಕೊಳ್ಳದೆ ಹೊರಗೆ ಬಂದಳು. ನೆಟ್ಟಗೆ ಔಷಧಿ ಅಂಗಡಿಗೆ ಹೋದಳು.

"ಅಣ್ಣಾ, ನನ್ನ ಮಗಳನ್ನ ನನಗೆ ವಾಪಸ್ ಕೊಟ್ಬಿಡಿ" ಎಂದಳು.

ಅವರು ಮೇಲೆದ್ದು ನಿಂತರು. "ಸೂರು ಹಾಕೋವರೆಗಾದ್ರೂ ಇರಲಿ ಅಂತ..." ಎಂದು ಶುರುಮಾಡಿದವರು ಅವಳ ಮುಖ ನೋಡಿ ಮಾತು ನಿಲ್ಲಿಸಿದರು. "ತಪ್ಪಾಯ್ತಮ್ಮ. ನಾಳೆನೇ ತೆಗೆಸ್ತೀನಿ. ಒಂದು ಮಾತು... ವಾರ್ಡಿಗೆ ಮಗೂ ಹೆಸರು ಇಡೋಣ ಅಂತಿದ್ವಿ."

"ಬೇಡ ಅಣ್ಣಾ. ಆ ಹೆಸರು ಕೂಗಿದ್ರೆ ಅವಳು ಓಡಿಬರಬೇಕು. ಆ ವಾರ್ಡಿನೋರು ಬನ್ನಿ ಅಂದಾಗ ಇನ್ಯಾರೋ ಬಂದ್ರೆ ನಾನು ತಡ್ಕೊಳಲ್ಲ."

ಮಾರನೆಯ ದಿನ ಅಪ್ಪ ಮಧ್ಯಾಹ್ನವೇ ಮನೆಗೆ ಬಂದ. ಬಾಗಿಲಲ್ಲೇ ನಿಂತು, "ಬಸ್ಸಿಂದ ಅವಳನ್ನ ಕಿತ್ತು ಹಾಕಿದ್ರು. ನೀನೇ ಹೇಳಿದ್ಯಂತೆ?" ಎಂದ.

"ಹೂಂ. ಬೀದಿ ಬೀದೀಲಿ ನನ್ನ ಮಗು ಕೈಚಾಚ್ಕೊಂಡು ನಿಂತಂಗೆ ಕಾಣ್ತಿತ್ತು."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ದಿನಾ ಬೆಳಿಗ್ಗೆ ಒದ್ದೆ ಬಟ್ಟೆಲಿ ಅವಳ ಮುಖ ಒರೆಸಿ ಗಾಡಿ ಹತ್ತುತಿದ್ದೆ ಕಣೆ. ಆಸ್ಪತ್ರೆಲಿ ಮಲಗಿದ್ದಾಗ ಹೇಳಿದ್ಲು, 'ಅಪ್ಪಾ, ನೀನು ಮುಂದೆ ನೋಡ್ಕೊಂಡು ಓಡ್ಸು, ಹಿಂದೆ ಬರೋರನ್ನ ನಾನು ನೋಡ್ಕೋತೀನಿ' ಅಂತ. ಅವಳ ಕೊನೇ ಉಸಿರಿನವರೆಗೂ ಜೊತೆಗಿದ್ದೆ ಅನ್ನೋದಾದ್ರೂ ನಿನಗಿದೆ. ನಾನು ಅವತ್ತೂ ಡ್ಯೂಟಿಲಿದ್ದೆ."

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಂದ ದಾರಿಯಲ್ಲೇ ಹೊರಟುಹೋದ. ಆಮೇಲೆ ಇಬ್ಬರ ನಡುವೆ ಊಟಕ್ಕೆ ಕರೆಯುವುದು, ಬಾಗಿಲು ಹಾಕಿಕೋ ಎನ್ನುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಒಂದೇ ಸೂರಿನ ಕೆಳಗೆ ಅವನ ದುಃಖ ಅವನಿಗೆ, ಅವಳದು ಅವಳಿಗೆ.

ಡಬ್ಬಿಗಳ ಮೇಲೆ ಆಸ್ಪತ್ರೆಯ ಕಟ್ಟಡದ ಚಿತ್ರ ಬಂತು. ಔಷಧಿ ಅಂಗಡಿಯವರು ಹೆದರಿದಂತೆ ಚಂದಾ ಇಳಿಯಿತು. ಆದರೂ ಅವರು ಗುಬ್ಬಿಯ ಅಮ್ಮನ ಮುಂದೆ ಒಂದು ದಿನವೂ ಆ ಮಾತೆತ್ತಲಿಲ್ಲ. ಮನೆ ಮನೆ ಬಾಗಿಲು ತಟ್ಟಿ, ತಡವಾದರೂ ಕೆಲಸ ಮುಗಿಸಿದರು. ವಾರ್ಡು ತೆರೆಯುವ ದಿನ ಅಪ್ಪ ಅಮ್ಮ ಇಬ್ಬರೂ ಹೋಗಲಿಲ್ಲ.

ಆದರೆ ಅವತ್ತು ಸಂಜೆ ಅಮ್ಮ ಮಷಿನ್ನಿಗೆ ಮುಸುಕು ಹಾಕಿ, ಆಸ್ಪತ್ರೆಯ ನಿಲ್ದಾಣದವರೆಗೆ ನಡೆದುಹೋದಳು. ಹೊಸ ವಾರ್ಡಿನ ಕಿಟಕಿಗಳಲ್ಲಿ ದೀಪ ಉರಿಯುತ್ತಿತ್ತು. ಒಳಗೆ ಹೋಗಲು ಕಾಲು ಬರಲಿಲ್ಲ. ಅಪ್ಪನ ಬಸ್ಸು ಬಂದಾಗ ಮುಂದಿನ ಬಾಗಿಲಿನಿಂದ ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕೂತಳು. ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದ, ಗೇರು ಹಾಕಿ ಬಸ್ಸು ಹೊರಡಿಸಿದ.

ಜನ ಒಬ್ಬೊಬ್ಬರೇ ಇಳಿದುಹೋದರು. ಡಿಪೋದಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಇಬ್ಬರನ್ನೂ ನೋಡಿ, ಸದ್ದಿಲ್ಲದೆ ಇಳಿದು ಹೊರಟ. ಅಪ್ಪ ಸ್ಟೇರಿಂಗ್ ಬಿಡದೆ ಹಾಗೇ ಕೂತಿದ್ದ.

"ಒಳಗೆ ಹೋಗಿದ್ಯಾ?" ಎಂದ, ಹಿಂದೆ ತಿರುಗದೆ.

"ಇಲ್ಲ. ಹೊರಗಿಂದ ನೋಡ್ದೆ. ಮಕ್ಕಳಿಗೆ ಒಬ್ಬೊಬ್ಬರಿಗೂ ಒಂದೊಂದು ಹಾಸಿಗೆಯಂತೆ."

"ಒಳ್ಳೇದಾಯ್ತು" ಎಂದ ಅಪ್ಪ. ಮಗಳು ಹೋದಾಗಲೂ ಅಳದವನು ಸ್ಟೇರಿಂಗ್ ಮೇಲೆ ಹಣೆಯಿಟ್ಟು ಬಿಕ್ಕಿದ.

ಅಮ್ಮ ಎದ್ದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು. "ನಿಮ್ಮನ್ನ ಕೇಳಬೇಕಾಗಿತ್ತು ಕಣ್ರೀ" ಎಂದಳು. ಅವನು ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ಅವಳಿಗೆ ತಿಳಿಯಲಿಲ್ಲ. ಕೈ ಮಾತ್ರ ತೆಗೆಯಲಿಲ್ಲ.