ಯಾವ ದೇಶದ ಕಾನೂನು

"ಹೃದಯ ಯಾವ ದೇಶಕ್ಕೆ ಹೋದ್ರೂ ಎಡಗಡೆಗೇ ಇರುತ್ತೆ. ಡಾಕ್ಟರ್ ಆದವನು ಎಲ್ಲಿ ಬೇಕಾದ್ರೂ ಬದುಕ್ಕೋತಾನೆ. ಕಾನೂನು ಹಾಗಲ್ಲ. ಗಡಿ ದಾಟಿದ್ರೆ ಕಲಿತಿದ್ದೆಲ್ಲ ಮಣ್ಣುಪಾಲು. ಅದಕ್ಕೇ ಮೊದಲು ದೇಶ, ಆಮೇಲೆ ಕಾಲೇಜು."

ಎದುರಿಗೆ ಕೂತಿದ್ದ ತಂದೆ ಮಗ ಇಬ್ಬರೂ ನಕ್ಕರು. ಹೃದಯದ ಮಾತಿಗೆ ಎಲ್ಲರೂ ನಗುತ್ತಿದ್ದರು. ಮೊದಮೊದಲು ಆ ಮಾತು ಹೇಳುವ ಅವನಿಗೂ ನಗು ಬರುತ್ತಿತ್ತು. ಈಗ ತುಟಿಗಳು ತಾವಾಗಿ ಅಗಲವಾಗಿ, ಕೆಲಸ ಮುಗಿದ ಕೂಡಲೇ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು.

ಅವನು ಕೂರುವ ಗಾಜಿನ ಕೋಣೆಯ ಬಾಗಿಲ ಮೇಲೆ 'ಕಾನೂನು ವಿಭಾಗ' ಎಂದಿತ್ತು. ಹೊರದೇಶಕ್ಕೆ ಓದಲು ಹೋಗುವವರಿಗೆ ದಾರಿ ತೋರಿಸುವ ಕಚೇರಿ ಅದು. ಅವನೂ ಒಂದು ಕಾಲಕ್ಕೆ ಹಾಗೆ ಹೋಗಿ ಕಾನೂನು ಓದಿ ಬಂದವನೇ. ಆ ಪದವಿ ಇಲ್ಲಿ ನಡೆಯುವುದಿಲ್ಲ. ಮತ್ತೊಂದು ಪರೀಕ್ಷೆ ಬರೆಯಬೇಕು. ಮುಂದಿನ ವರ್ಷ ಬರೆದರಾಯಿತು ಎಂದುಕೊಳ್ಳುತ್ತಲೇ ತಲೆ ನರೆತಿತ್ತು. ಮನೆಯವರೆಲ್ಲ ಅವನನ್ನು ಬ್ಯಾರಿಸ್ಟರ್ ಎಂದು ಕರೆಯುತ್ತಿದ್ದರು. ಮೊದಲು ಹೆಮ್ಮೆಗೆ, ಆಮೇಲೆ ತಮಾಷೆಗೆ. ಈಗ ಎರಡೂ ಸವೆದು ಬರೀ ಹೆಸರು ಉಳಿದಿತ್ತು.

ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಅಕ್ಕ ಮಗಳನ್ನು ಕರೆದುಕೊಂಡು ಬಂದು ಅವನ ಕೋಣೆಯಲ್ಲೇ ಕೂತಿದ್ದಳು.

"ಕಾಲೇಜಿನವರಿಗೆ ಇವತ್ತೇ ಹೇಳ್ಬೇಕಂತೆ, ಬ್ಯಾರಿಸ್ಟರೇ. ಎರಡೂ ಕಡೆ ಸೀಟು ಸಿಕ್ಕಿದೆ. ಇವಳು ಬಾಯೇ ಬಿಡ್ತಿಲ್ಲ."

ಒಂದು, ಅವನು ಓದಿದ ದೇಶ. ಇನ್ನೊಂದು, ಭಾವನ ತಂಗಿ ನೆಲೆಸಿದ್ದ ದೇಶ.

"ಭಾವ ಏನಂತಾರೆ?"

"ಅವರಿಗೇನು, ತಂಗಿ ಮನೇಲಿದ್ರೆ ಅರ್ಧ ಖರ್ಚು ಉಳಿಯುತ್ತೆ ಅಂತಾರೆ. ಅವಳ ಕೈಕೆಳಗೆ ನನ್ನ ಮಗಳು ಲಾಯರ್ ಆಗ್ತಾಳೋ ಕೆಲಸದವಳಾಗ್ತಾಳೋ ನಂಗೊತ್ತು."

"ಅಮ್ಮಾ," ಎಂದಳು ಹುಡುಗಿ.

ಅಷ್ಟರಲ್ಲಿ ಮ್ಯಾನೇಜರ್ ಬಾಗಿಲಲ್ಲಿ ತಲೆ ತೂರಿಸಿದ. "ನಿಮ್ಮ ಮನೆಯವರೇ ಅಂತೆ? ಹಾಗಾದ್ರೆ ಸುಲಭ ಆಯ್ತು ಬಿಡಿ." ಅಕ್ಕನಿಗೆ ಕೈಮುಗಿದು ಹೋದ. ಬ್ಯಾರಿಸ್ಟರ್ ಓದಿದ್ದ ದೇಶದ ಕಾಲೇಜುಗಳ ಜೊತೆ ಕಚೇರಿಗೆ ಕಮಿಷನ್ನಿನ ಒಪ್ಪಂದವಿತ್ತು. ತಾನೇ ಓದಿದ ಊರನ್ನು ಅವನಷ್ಟು ಚೆನ್ನಾಗಿ ಮಾರುವವರು ಕಚೇರಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಭಾವನ ಫೋನು ಬಂತು. ಅಕ್ಕ "ಹಲೋ, ಹಲೋ" ಎನ್ನುತ್ತ ಹೊರಗೆ ಹೋದಳು. ಗಾಜಿನಾಚೆ ಅವಳ ಕೈ ಮಾತ್ರ ಜಗಳವಾಡುತ್ತಿರುವುದು ಕಾಣುತ್ತಿತ್ತು.

"ಮಾಮ, ಅಲ್ಲಿ ನಿಮಗೆ ಏನು ಇಷ್ಟ ಆಗ್ತಿತ್ತು?"

"ಲೈಬ್ರರಿ ಚೆನ್ನಾಗಿತ್ತು."

"ಮತ್ತೆ?"

"ಮತ್ತೆ… ಬಸ್ಸುಗಳು ಸಮಯಕ್ಕೆ ಸರಿಯಾಗಿ ಬರ್ತಿದ್ವು."

ಹುಡುಗಿ ಅವನನ್ನೇ ನೋಡುತ್ತಿದ್ದಳು. "ಅಜ್ಜಿ ಮನೇಲಿ ನಿಮ್ಮದೊಂದು ಫೋಟೋ ಇತ್ತಲ್ಲ, ಕಪ್ಪು ಗೌನಿಂದು. ಯಾರಿಗೂ ಹೆದರದವರ ಥರ ನಿಂತಿದ್ರಿ. ಲಾ ಓದ್ಬೇಕು ಅನ್ಸಿದ್ದೇ ಅದನ್ನ ನೋಡಿ."

ಗೌನು ಬಾಡಿಗೆಯದು. ಗದ್ದ ಮೇಲೆತ್ತಿ ಎಂದವನು ಫೋಟೋಗ್ರಾಫರ್. ಇದನ್ನು ಹೇಳಬೇಕೆನಿಸಿತು. "ಓಹೋ" ಎಂದ.

"ಕೋರ್ಟಲ್ಲಿ ಮಾತಾಡಿದ್ರಾ, ಅಲ್ಲಿ?"

"ಒಂದ್ಸಲ."

"ಗೆದ್ರಾ?"

"ಹೂಂ."

ಗೆದ್ದಿದ್ದ. ಹಿರಿಯ ವಕೀಲರು ಬಾರದ ದಿನ, ಮನೆ ಮಾಲೀಕನ ಪರವಾಗಿ ಅವನೇ ನಿಂತಿದ್ದ. ಬಾಡಿಗೆಗಿದ್ದ ಮುದುಕಿ ಮನೆ ಬಿಡಬೇಕು. ಒಂದು ಅಕ್ಷರ ತಪ್ಪದೆ ವಾದಿಸಿದ. ನ್ಯಾಯಾಧೀಶರು ಮೆಚ್ಚಿ ತಲೆಯಾಡಿಸಿದರು. ಹೊರಗೆ ಮೆಟ್ಟಿಲ ಮೇಲೆ ಯಾವ ಕಡೆ ಹೋಗುವುದೆಂದು ತಿಳಿಯದೆ ನಿಂತಿದ್ದಾಗ ಆ ಮುದುಕಿಯೇ ಹತ್ತಿರ ಬಂದಳು. ಬೈಯುತ್ತಾಳೆಂದು ಕಾದ. ಅವಳು ಅವನ ತೋಳು ಮುಟ್ಟಿ, ಈ ಊರಿಗೆ ಹೊಸಬನೇನಪ್ಪ, ರೈಲ್ವೆ ಸ್ಟೇಷನ್ನಿಗೆ ಆ ಬೀದಿ ಹಿಡಿದು ಹೋಗು ಎಂದು ಕೈ ತೋರಿಸಿದಳು. ಆ ಊರಿನಲ್ಲಿ ಅವನು ಆರು ವರ್ಷದಿಂದ ಇದ್ದ. ಅವಳು ತೋರಿಸಿದ ಬೀದಿಯನ್ನೇ ಹಿಡಿದು ಸುಮ್ಮನೆ ನಡೆದ. ಆಮೇಲೆ ಕೋರ್ಟಿಗೆ ಹೋಗಲಿಲ್ಲ.

ಅಪ್ಪನಿಗೆ ಹುಷಾರಿಲ್ಲವೆಂದು ವಾಪಸು ಬಂದ ಎಂಬುದು ಮನೆಯವರ ಮಾತು. ಅವನು ಬರುವ ಹೊತ್ತಿಗೆ ಅಪ್ಪ ಎದ್ದು ಓಡಾಡುತ್ತಿದ್ದರು. ಬಾಗಿಲಲ್ಲೇ, "ಎಷ್ಟು ದಿನ ರಜ?" ಎಂದು ಕೇಳಿದ್ದರು. ಆ ಪ್ರಶ್ನೆಗೆ ಅವನು ಉತ್ತರ ಕೊಡುವ ಮೊದಲೇ, ಕೆಲವು ವರ್ಷಗಳ ಮೇಲೆ, ಅಪ್ಪ ತೀರಿಕೊಂಡಿದ್ದರು.

"ನೀವು ಎಲ್ಲಿ ಅಂತೀರೋ ಅಲ್ಲಿಗೆ ಹೋಗ್ತೀನಿ, ಮಾಮ," ಎಂದಳು ಹುಡುಗಿ. "ನನಗೆ ಎರಡೂ ಒಂದೇ."

ಅವನಿಗೆ ಸಣ್ಣಗೆ ಸಿಟ್ಟು ಬಂತು. ಒಂದೇ ಅಲ್ಲ. ಎಲ್ಲಿ ಓದುತ್ತೀಯೋ ಅಲ್ಲಿಯವರ ಜಗಳವನ್ನೇ ಜೀವನವಿಡೀ ಕೇಳಬೇಕು. ಅಲ್ಲಿಯ ಜಗಳ ನಿನ್ನದಾಗುವುದಿಲ್ಲ, ಇಲ್ಲಿಯದು ಕೈತಪ್ಪಿ ಹೋಗಿರುತ್ತದೆ. ಮಾತು ಗಂಟಲವರೆಗೆ ಬಂತು. ಬಂದ ಮಾತನ್ನು ತೂಗಿ ನೋಡಿದ. ಅದೂ ದಿನಾ ಗಿರಾಕಿಗಳಿಗೆ ಹೇಳುವ ಮಾತಿನ ಹಾಗೇ ಕೇಳಿಸಿತು.

ಅಕ್ಕ ಒಳಗೆ ಬಂದಳು. "ಏನಂದ ನಿಮ್ಮ ಮಾಮ?"

"ಎರಡೂ ಒಳ್ಳೆಯವೇ," ಎಂದ.

"ಅದನ್ನ ಹೇಳೋಕೆ ನೀನೇ ಬೇಕಿತ್ತಾ? ಹೊರಗೆ ನಿಂತಿರೋ ಕಾವಲುಗಾರನೂ ಹೇಳ್ತಿದ್ದ."

"ಯೋಚನೆ ಮಾಡ್ಬೇಕು, ಅಕ್ಕ."

"ಇಷ್ಟು ವರ್ಷ ಕೂತ್ಕೊಂಡು ಇನ್ನೇನು ಮಾಡ್ತಿದ್ದೆಯೋ?" ಅಕ್ಕ ಬೇಸರದಿಂದೇನೂ ಕೇಳಿರಲಿಲ್ಲ. ಆದರೂ ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ.

ಕಚೇರಿ ಮುಚ್ಚುವ ಹೊತ್ತಿಗೆ ಹುಡುಗಿಯೇ ಕಾರಿನಲ್ಲಿ ಅವನನ್ನು ಮನೆಗೆ ಬಿಡಲು ಹೊರಟಳು. ಅವನು ಮುಂದೆ ಕೂತ. ಅಕ್ಕ ಹಿಂದೆ ಕೂತು, "ಮನೆ ಮುಟ್ಟೋದ್ರೊಳಗೆ ಒಂದು ಮಾತು ಹೇಳಿಬಿಡು, ಪುಣ್ಯ ಬರುತ್ತೆ," ಎಂದು ಫೋನಿನಲ್ಲಿ ಮುಳುಗಿದಳು.

ದೊಡ್ಡ ವೃತ್ತದಲ್ಲಿ ಕೆಂಪು ದೀಪವಿತ್ತು. ನಿಂತರು. ಬಹಳ ಹೊತ್ತಾಯಿತು. ಆಮೇಲೆ ಅವನು ಗಮನಿಸಿದ: ಎಡಗಡೆಯ ರಸ್ತೆಗೂ ಕೆಂಪು, ಬಲಗಡೆಗೂ ಕೆಂಪು, ಎದುರಿನದಕ್ಕೂ ಕೆಂಪು. ನಾಲ್ಕು ಕಡೆಯೂ ಗಾಡಿಗಳು ಸಾಲಾಗಿ ನಿಂತು ಒಂದನ್ನೊಂದು ನೋಡುತ್ತಿದ್ದವು. ನಡುವೆ ಖಾಲಿ ಜಾಗ. ಯಾರೂ ಹಾರ್ನ್ ಮಾಡುತ್ತಿರಲಿಲ್ಲ.

"ದೀಪ ಕೆಟ್ಟಿರ್ಬೇಕು," ಎಂದಳು ಅಕ್ಕ, ತಲೆಯೆತ್ತದೆ.

"ಹೋಗ್ಲಾ, ಮಾಮ?"

ಅವನು ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಎದುರಿನ ಕಾರಿನಲ್ಲಿ ಟೈ ಕಟ್ಟಿದ ಒಬ್ಬಾತ ಇವನನ್ನೇ ನೋಡುತ್ತಿದ್ದ, ಇವನು ಏನಾದರೂ ಹೇಳಿಯಾನು ಎಂಬಂತೆ.

ಎಲ್ಲೋ ಒಂದು ಎಂಜಿನ್ ನಿಂತಿತು. ಆಮೇಲೆ ಇನ್ನೊಂದು. ಒಂದೊಂದಾಗಿ ನಾಲ್ಕು ರಸ್ತೆಗಳೂ ಸದ್ದಡಗಿದವು. ಹುಡುಗಿ ಅವನ ಮಾತಿಗಾಗಿ ಇನ್ನೊಂದು ಗಳಿಗೆ ಕಾದಳು; ಕೀಲಿ ತಿರುಗಿಸಿ ಎಂಜಿನ್ ಆರಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಎಲ್ಲರ ಮುಖದ ಮೇಲೂ ಒಂದೇ ಕೆಂಪು ಬಿದ್ದಿತ್ತು. ಗಾಜುಗಳ ಹಿಂದೆ ಯಾರೂ ಅಲುಗಲಿಲ್ಲ.